ಕಾಲು ಜಾರಿ ಔಟ್

ಮರಾಠಿ ನಾಡಿನ ಈ ನಗರದಲ್ಲಿ, ಖರಾಡಿಯ ಕಚೇರಿಯಲ್ಲಿ ನಾನು ಮಾಡುವ ಕೆಲಸವನ್ನು ಯಾರಿಗಾದರೂ ಹೇಳಿ ತಿಳಿಸುವುದು ಕಷ್ಟ. ಎಲ್ಲೋ ದೂರದ ಊರಿನ ಒಳಾಂಗಣದಲ್ಲಿ ಕಬಡ್ಡಿ ಆಟ ನಡೆಯುತ್ತಿರುತ್ತದೆ. ಅದರ ಚಿತ್ರ ನಮ್ಮ ಪರದೆಗೆ ಬರುತ್ತದೆ. ನಾನು ಕಿವಿಗೆ ಹೆಡ್‌ಫೋನ್ ಹಾಕಿಕೊಂಡು, ನಡೆದದ್ದನ್ನು ನಡೆದ ಕೂಡಲೇ ಒಂದೊಂದು ಸಾಲಿನಲ್ಲಿ ಇಂಗ್ಲಿಷಿನಲ್ಲಿ ಬರೆಯುತ್ತೇನೆ. ಎಷ್ಟನೆಯ ನಿಮಿಷ, ಎಷ್ಟನೆಯ ಸೆಕೆಂಡು, ಯಾರು, ಏನು. ಸಾಲಿನ ಕೊನೆಗೆ ಒಂದರಿಂದ ಮೂರು ನಕ್ಷತ್ರ ಹಾಕುತ್ತೇನೆ. ಇದಕ್ಕೆ ಲಾಗ್ ಬರೆಯುವುದು ಎನ್ನುತ್ತಾರೆ. ಆಮೇಲೆ ಮುಖ್ಯಾಂಶಗಳನ್ನು ಜೋಡಿಸುವ ಎಡಿಟರುಗಳು ಪೂರ್ತಿ ಆಟ ನೋಡುವುದಿಲ್ಲ, ಅಷ್ಟು ಹೊತ್ತು ಅವರಿಗೆ ಇರುವುದಿಲ್ಲ. ಅವರು ನನ್ನ ಸಾಲುಗಳನ್ನು ನೋಡುತ್ತಾರೆ. ಮೂರು ನಕ್ಷತ್ರದ್ದು ಮೊದಲು, ಜಾಗ ಉಳಿದರೆ ಎರಡರದ್ದು. ಒಂದರದ್ದನ್ನು ಯಾರೂ ತೆರೆಯುವುದಿಲ್ಲ.

ಅದಕ್ಕೆ ಮೊದಲು ಹದಿನೇಳು ವರ್ಷ ನಾನು ಒಂದು ಕಾರಖಾನೆಯ ಸ್ಟೋರಿನಲ್ಲಿ ಗುಮಾಸ್ತನಾಗಿದ್ದೆ. ಒಳಗೆ ಬಂದ ಸಾಮಾನು, ಹೊರಗೆ ಹೋದ ಸಾಮಾನು ಬರೆಯುವುದು. ಕಾರಖಾನೆ ಮುಚ್ಚಿದ ಮೇಲೆ, ಕನ್ನಡ, ಮರಾಠಿ, ಇಂಗ್ಲಿಷು ಮೂರೂ ಬರುತ್ತವೆ, ತಪ್ಪಿಲ್ಲದೆ ಬರೆಯುತ್ತಾನೆ ಎಂದು ಪರಿಚಯದವರೊಬ್ಬರು ಇಲ್ಲಿ ಸೇರಿಸಿದರು. ತಪ್ಪಿಲ್ಲದೆ ಬರೆಯುತ್ತೇನೆ ಎಂಬುದು ನನಗೆ ಒಂದು ಹೆಮ್ಮೆಯೇ ಆಗಿತ್ತು.

ಟಿವಿಯವರು ದೊಡ್ಡ ಊರಿನ ತಂಡಗಳನ್ನೇ ತೋರಿಸುತ್ತಾರೆ, ಸಣ್ಣ ಊರಿನವರು ಗೆದ್ದರೂ ಸುದ್ದಿಯಿಲ್ಲ ಎಂದು ಜನ ದೂರುತ್ತಾರೆ. ಮೇಲಿನಿಂದ ಯಾರೋ ಫೋನು ಮಾಡಿ ಹೇಳುತ್ತಾರೆ ಎಂದು ಬಹಳ ಮಂದಿ ನಂಬಿದ್ದಾರೆ. ಆರು ವರ್ಷದಲ್ಲಿ ಅಂಥ ಒಂದು ಫೋನೂ ನಮ್ಮ ಕೋಣೆಗೆ ಬಂದದ್ದು ನನಗೆ ಗೊತ್ತಿಲ್ಲ. ಫೋನಿನ ಅಗತ್ಯವಿರಲಿಲ್ಲ. ಸೇರಿದ ಮೊದಲ ವಾರದಲ್ಲೇ ನಮ್ಮ ಪಾಳಿಯ ಮುಖ್ಯಸ್ಥೆ ನನ್ನ ಪಕ್ಕ ಕುರ್ಚಿ ಎಳೆದುಕೊಂಡು ಕುಳಿತು ಕಲಿಸಿದ್ದರು. ಅವರು ಬೆಂಗಳೂರಿನವರು, ನನಗಿಂತ ಇಪ್ಪತ್ತು ವರ್ಷ ಚಿಕ್ಕವರು.

"ಸರ್, ನೀವು ಡಿಫೆಂಡರ್ ಹೆಸರು ಮೊದಲು ಹಾಕ್ತಿದೀರ. ಬೇಡ. ಎಡಿಟರ್ ಸರ್ಚ್ ಮಾಡೋವಾಗ ಯಾರ ಹೆಸರು ಹೊಡೀತಾನೆ? ಸ್ಟಾರ್‌ದು. ಅದು ಮೊದಲು ಬರ್ಲಿ. ಹಿಡಿದಿದ್ ಯಾರು ಅನ್ನೋದು ಟೈಮ್ ಇದ್ರೆ ಹಾಕಿ, ಇಲ್ಲಾಂದ್ರೆ ಬಿಟ್ಬಿಡಿ."

"ಮತ್ತ ನಕ್ಷತ್ರ?" ಎಂದೆ.

"ಅನುಮಾನ ಇದ್ರೆ, ದೊಡ್ಡ ಟೀಮ್‌ಗೆ ಒಂದು ಜಾಸ್ತಿ. ನೋಡೋ ಜನ ಅಲ್ಲೇ ಇದಾರಲ್ವಾ?"

ಅಷ್ಟೇ. ಅವರು ಅದನ್ನು ಕೆಟ್ಟ ಮನಸ್ಸಿನಿಂದ ಹೇಳಲಿಲ್ಲ, ನಾನೂ ಕೆಟ್ಟದ್ದನ್ನು ಮಾಡುತ್ತಿದ್ದೇನೆ ಎಂದುಕೊಳ್ಳಲಿಲ್ಲ. ಕಬಡ್ಡಿಯಲ್ಲಿ ದಾಳಿ ಮಾಡುವವಳು ಒಬ್ಬಳು, ಹಿಡಿಯುವವರು ಏಳು ಮಂದಿ. ಬರೆಯಲು ನನಗೆ ಸಿಗುವುದು ನಾಲ್ಕೈದು ಸೆಕೆಂಡು. ಒಬ್ಬಳ ಹೆಸರು ಬರೆಯುವುದು ಸುಲಭ. ಕೆಲವು ತಿಂಗಳಲ್ಲಿ ಬೆರಳುಗಳಿಗೇ ಅದು ರೂಢಿಯಾಯಿತು.

ಈಗ ಒಬ್ಬ ಹುಡುಗಿಯ ವಿಷಯ. ನಗರದ ಇನ್ನೊಂದು ತುದಿಯ ಧನಕವಡಿಯಲ್ಲಿ ನಮ್ಮ ಮನೆಯಿರುವ ಕಟ್ಟಡದ ಹಿಂದಿನ ಸಾಲಿನಲ್ಲಿ ಅವಳೂ ಅವಳ ತಾಯಿಯೂ ಇದ್ದಾರೆ. ಯಾದಗಿರಿ ಕಡೆಯವರು. ತಾಯಿ ಕಟ್ಟಡದ ಕೆಲಸಕ್ಕೆ ಬಂದವರು. ಈಗ ಮೊಣಕಾಲು ನೋವಿನಿಂದ ಸಿಮೆಂಟಿನ ಮಾಲು ಹೊರುವುದು ಬಿಟ್ಟು ಎರಡು ಕಡೆ ಅಡುಗೆ ಮಾಡುತ್ತಾರೆ. ಮಗಳು ಮರಾಠಿ ಶಾಲೆಯಲ್ಲಿ ಓದಿದಳು, ಶಾಲೆಯ ಅಂಗಳದಲ್ಲೇ ಕಬಡ್ಡಿ ಕಲಿತಳು. ನನ್ನ ಹೆಂಡತಿಯ ಹತ್ತಿರ ಕನ್ನಡ ಓದಲು ಕೆಲವು ದಿನ ಬಂದಳು. ಅಕ್ಷರ ಪೂರ್ತಿ ಕೂಡಲಿಲ್ಲ, ಬರುವುದು ಮಾತ್ರ ನಿಲ್ಲಲಿಲ್ಲ. ನನ್ನನ್ನು ಕಾಕಾ ಎನ್ನುತ್ತಾಳೆ. ಬಲಮೂಲೆಯ ಆಟಗಾರ್ತಿ, ದಾಳಿಗೆ ಬಂದವಳ ಪಾದವನ್ನು ನೆಲಮಟ್ಟದಲ್ಲಿ ಹಿಡಿಯುವುದು ಅವಳ ಕೆಲಸ. ಎರಡು ವರ್ಷದ ಹಿಂದೆ ಮಹಿಳೆಯರ ಲೀಗಿನಲ್ಲಿ ಒಂದು ಸಣ್ಣ ಊರಿನ ತಂಡ ಅವಳನ್ನು ತೆಗೆದುಕೊಂಡಿತು. ಅದೇ ಲೀಗಿನ ಲಾಗ್ ಬರೆಯುವವರಲ್ಲಿ ನಾನೂ ಒಬ್ಬ.

ಮೊದಲ ವರ್ಷ ಅವಳ ತಾಯಿ ಬಂದು ಕೇಳಿದ್ದರು.

"ಅಣ್ಣಾರ, ಟಿವ್ಯಾಗ ಆಟದ ಸುದ್ದಿ ಹಾಕ್ತಾರಲ್ರಿ, ಅದರಾಗ ನಮ್ಮ ಹುಡುಗಿ ಬರಾಂಗೇ ಇಲ್ಲಲ್ರಿ? ಆಡ್ಲಾಕ ಹೋಗ್ಯಾಳೋ, ನೀರು ಕೊಡ್ಲಾಕ ಹೋಗ್ಯಾಳೋ?"

"ಆಡ್ಲಿಕ್ಕೇ ಹೋಗ್ಯಾಳವ್ವಾ. ಚಲೋ ಆಡ್ತಾಳ," ಎಂದೆ.

"ನೀವು ನೋಡೀರಿ?"

"ನೋಡೀನಿ."

"ಹಂಗಾದ್ರ ಆತು. ಒಬ್ಬರರ ನೋಡ್ಯಾರ," ಎಂದು ನಕ್ಕು ಹೋದರು.

ಹೋದ ವರ್ಷ, ಆಟಗಳೆಲ್ಲ ಮುಗಿದು ಕೆಲವು ತಿಂಗಳಾದ ಮೇಲೆ, ಒಂದು ಭಾನುವಾರ ಬೆಳಿಗ್ಗೆ ಹುಡುಗಿ ಬಂದಳು. ನಾವು ಉಪ್ಪಿಟ್ಟು ತಿನ್ನುತ್ತಿದ್ದೆವು. ಅವಳು ಕೂರಲಿಲ್ಲ. ಮೊಬೈಲನ್ನು ನನ್ನ ಮುಂದೆ ಹಿಡಿದಳು. ಒಂದು ಸರ್ಕಾರಿ ಇಲಾಖೆ ತನ್ನ ಮಹಿಳಾ ತಂಡಕ್ಕೆ ಆಟಗಾರ್ತಿಯರನ್ನು ನೌಕರಿಯ ಮೇಲೆ ತೆಗೆದುಕೊಳ್ಳುತ್ತಿತ್ತು. ಆಯ್ಕೆಯ ಶಿಬಿರಕ್ಕೆ ಕರೆಯುವ ಮೊದಲು ವಿಡಿಯೊ ನೋಡುತ್ತಾರೆ. ಲೀಗಿನಲ್ಲಿ ತಾನೇ ಮಾಡಿದ ಹಿಡಿತಗಳ ಮೂರು ನಿಮಿಷದ ವಿಡಿಯೊ ಬೇಕು, ಪ್ರಸಾರವಾದ ಚಿತ್ರದ್ದೇ ಆಗಿರಬೇಕು.

"ನಮ್ಮ ಮ್ಯಾನೇಜರ್‌ಗ ಕೇಳಿದೆ ಕಾಕಾ. ಟಿವಿಯವರ ಹತ್ರ ಇಸ್ಕೋ ಅಂದ್ರು. ಟಿವಿಯವರು ಅಂದ್ರ ನನಗ ನೀವೇ."

"ಯಾವಾಗಿನೊಳಗ ಕಳಿಸಬೇಕು?"

"ಇನ್ನ ಹನ್ನೆರಡು ದಿನ ಅದ. ಈ ವರ್ಷ ತಪ್ಪಿದ್ರ ಮುಗೀತ್ರಿ, ಮುಂದಿನ ಸಲಕ್ಕ ನನ್ನ ವಯಸ್ಸು ದಾಟತದ."

"ಮೂರು ನಿಮಿಷ ಏನು ದೊಡ್ಡದಲ್ಲ. ನಿನ್ನ ಹಿಡಿತ ಎಷ್ಟೊಂದು ಅವ," ಎಂದೆ. ಹಾಗೆ ಹೇಳುವಾಗ ನಾನು ನಂಬಿಯೇ ಹೇಳಿದ್ದೆ.

ಮರುದಿನ ಕಚೇರಿಯಲ್ಲಿ ಊಟದ ಹೊತ್ತಿಗೆ ಹಳೆಯ ಚಿತ್ರಗಳ ಸಂಗ್ರಹ ತೆರೆದು ಅವಳ ಹೆಸರು ಹೊಡೆದೆ. ಎರಡು ಸಾಲು ಬಂದವು. ಒಂದು, ಆಟಕ್ಕೆ ಮೊದಲು ಏಳು ಮಂದಿ ಸಾಲಾಗಿ ನಿಂತದ್ದು. ಇನ್ನೊಂದು, ಮೊಣಕೈಗೆ ಪೆಟ್ಟಾಗಿ ಹೊರಗೆ ಹೋದದ್ದು. ನಾನು ಹೆಸರಿನ ಅಕ್ಷರ ತಪ್ಪಾಗಿರಬೇಕೆಂದು ಮತ್ತೆ ಹೊಡೆದೆ. ಅಡ್ಡಹೆಸರಿನಿಂದ ಹುಡುಕಿದೆ, ಜೆರ್ಸಿಯ ಸಂಖ್ಯೆಯಿಂದ ಹುಡುಕಿದೆ. ಅವೇ ಎರಡು ಸಾಲು.

ಆಮೇಲೆ ಲಾಗುಗಳನ್ನೇ ತೆರೆದು, ಅವಳ ತಂಡದ ಆಟಗಳನ್ನು ಮೇಲಿನಿಂದ ಓದುತ್ತ ಬಂದೆ. ಅವಳು ಹಿಡಿದದ್ದು ನನಗೆ ನೆನಪಿತ್ತು. ನಾನು ಕಂಡ ಕೆಲವು ಹಿಡಿತಗಳು ಯಾವ ನಿಮಿಷದಲ್ಲಿ ಆದವು ಎಂಬುದೂ ಅಂದಾಜಿತ್ತು. ಆ ನಿಮಿಷಗಳಿಗೆ ಹೋಗಿ ನೋಡಿದರೆ ಸಾಲುಗಳು ಹೀಗಿದ್ದವು: ಎದುರಾಳಿ ತಾರೆಯ ಹೆಸರು, ಮುಂದೆ "ಔಟ್". ಮತ್ತೆ ತಾರೆಯ ಹೆಸರು, "ಔಟ್, ನಿರಾಸೆ". ಮತ್ತೆ ತಾರೆಯ ಹೆಸರು, "ಔಟ್". ಯಾರು ಹಿಡಿದರು ಎಂಬುದು ಎಲ್ಲಿಯೂ ಇರಲಿಲ್ಲ. ಪ್ರತಿ ಸಾಲಿನ ಬಲತುದಿಯಲ್ಲಿ ಬರೆದವರ ಸಂಕೇತ ಸಂಖ್ಯೆ ಇರುತ್ತದೆ. ಮುಕ್ಕಾಲು ಪಾಲು ಸಾಲುಗಳ ಮುಂದೆ ಇದ್ದದ್ದು ನನ್ನ ಸಂಖ್ಯೆ.

ಬೇರೆ ಸಣ್ಣ ಊರಿನ ತಂಡಗಳ ಎದುರು ಅವಳು ಆಡಿದ ಆಟಗಳ ಚಿತ್ರ ಉಳಿದೇ ಇರಲಿಲ್ಲ. ಋತು ಮುಗಿದ ಮೇಲೆ ಪೂರ್ತಿ ಆಟಗಳನ್ನೂ ಪ್ರಸಾರವಾಗದ ಕ್ಯಾಮೆರಾಗಳ ಚಿತ್ರವನ್ನೂ ಅಳಿಸಿ, ಎರಡು ಮತ್ತು ಮೂರು ನಕ್ಷತ್ರದ ತುಣುಕುಗಳನ್ನು ಮಾತ್ರ ಇಟ್ಟುಕೊಳ್ಳುವುದು ನಮ್ಮ ಕಚೇರಿಯ ಪದ್ಧತಿ. ಸಣ್ಣ ತಂಡಗಳ ಆಟದಲ್ಲಿ ನಾನು ಎರಡು ನಕ್ಷತ್ರ ಕೊಟ್ಟದ್ದು ಕಡಿಮೆ. ಉಳಿದದ್ದು ದೊಡ್ಡ ಊರಿನ ತಂಡಗಳ ಎದುರಿನ ಆಟ, ಅದರಲ್ಲೂ ಅಲ್ಲಿಯ ತಾರೆಯರ ತುಣುಕು. ತಾರೆ ಗೆದ್ದರೂ ಮೂರು ನಕ್ಷತ್ರ, ಸೋತರೂ ಮೂರು.

ಹಾಗಾಗಿ ಆ ಹುಡುಗಿಯನ್ನು ನಾನು ಅವಳು ಹಿಡಿದವರ ಹೆಸರಿನಲ್ಲಿ ಹುಡುಕಬೇಕಾಯಿತು. ನಾಲ್ಕು ಮಧ್ಯಾಹ್ನ ಹಿಡಿಯಿತು. ಹತ್ತು ತುಣುಕು ಸಿಕ್ಕವು.

ಅವುಗಳಲ್ಲಿ ಅವಳ ಮುಖ ಕಾಣುವುದು ಒಂದರಲ್ಲಿ, ಅದೂ ಓರೆಯಾಗಿ. ಕ್ಯಾಮೆರಾ ತಾರೆಯ ಹಿಂದೆಯೇ ಹೋಗುತ್ತದೆ. ತಾರೆಯ ಸೊಂಟ, ಕಾಲು, ಆಮೇಲೆ ಪರದೆಯ ಕೆಳತುದಿಯಿಂದ ಎರಡು ಕೈ ಬಂದು ಆ ಪಾದವನ್ನು ಹಿಡಿಯುತ್ತವೆ. ಮಣಿಕಟ್ಟಿಗೆ ಬಿಳಿ ಟೇಪು. ತಾರೆ ಬೀಳುತ್ತಾಳೆ. ಕೂಡಲೇ ತಾರೆಯ ಮುಖ, ಗ್ಯಾಲರಿಯಲ್ಲಿ ತಲೆಯ ಮೇಲೆ ಕೈಹೊತ್ತ ಜನ, ಮತ್ತೆ ತಾರೆಯ ಮುಖ. "ಇವತ್ತು ಯಾಕೋ ಇವರ ದಿನ ಅಲ್ಲ," ಎಂದು ವೀಕ್ಷಕ ವಿವರಣೆಗಾರ ನೊಂದುಕೊಳ್ಳುತ್ತಾನೆ. ಹತ್ತರಲ್ಲಿ ಒಂದರಲ್ಲೂ ಅವಳ ಹೆಸರನ್ನು ಯಾರೂ ಹೇಳುವುದಿಲ್ಲ.

ಒಂಬತ್ತನೆಯ ತುಣುಕಿನ ಬಗ್ಗೆ ಬೇರೆಯಾಗಿ ಹೇಳಬೇಕು. ಕೊನೆಯ ನಿಮಿಷ, ಎರಡೂ ತಂಡದ ಅಂಕ ಸಮ. ದೊಡ್ಡ ಊರಿನ ತಾರೆ ದಾಳಿಗೆ ಬಂದಳು. ಬೋನಸ್ ಗೆರೆಯ ಕಡೆಗೆ ಕಾಲು ಚಾಚಿದಂತೆ ಮಾಡಿ ಹಿಂದೆಗೆದಳು, ಮತ್ತೆ ಚಾಚಿದಳು. ಎರಡನೆಯ ಸಲ ಹುಡುಗಿ ನೆಲಕ್ಕೆ ಬಿದ್ದು ಪಾದ ಹಿಡಿದಳು. ತಾರೆ ಅವಳನ್ನೂ ನಡುಗೆರೆಯ ಕಡೆಗೆ ಎಳೆದುಕೊಂಡು ಹೋದಳು, ಕೈ ಚಾಚಿದಳು, ಗೆರೆಗೆ ಒಂದು ಗೇಣು ಉಳಿಯಿತು. ಆಟ ಅಲ್ಲಿಗೆ ಮುಗಿಯಿತು. ಸಣ್ಣ ಊರಿನ ತಂಡ ಗೆದ್ದಿತು.

ಪ್ರಸಾರವಾದ ಚಿತ್ರ ತಾರೆಯ ಹೆಗಲ ಹಿಂದಿನದು. ಅದರಲ್ಲಿ ತಾರೆ ಜಾರಿ ಬಿದ್ದಂತೆಯೇ ಕಾಣುತ್ತದೆ. "ಅಯ್ಯೋ, ಕಾಲು ಜಾರಿತು!" ಎಂದು ವಿವರಣೆಗಾರ ಕೂಗಿದ. ಆದರೆ ನನ್ನ ಪರದೆಯಲ್ಲಿ ನಾಲ್ಕು ಕ್ಯಾಮೆರಾಗಳ ಚಿತ್ರ ನಾಲ್ಕು ಚೌಕದಲ್ಲಿ ಬರುತ್ತದೆ. ಬಲಕೆಳಗಿನ ಚೌಕದಲ್ಲಿ, ಪಕ್ಕದಿಂದ ತೆಗೆದದ್ದರಲ್ಲಿ, ಹಿಡಿತ ಸ್ಪಷ್ಟವಾಗಿತ್ತು. ನಾನು ಅದನ್ನು ನೋಡಿದೆ. ಇದರಲ್ಲಿ ನನಗೆ ಅನುಮಾನವಿಲ್ಲ. ನೋಡಿ, ಕಿವಿಯಲ್ಲಿ ಬಿದ್ದದ್ದನ್ನು ಬರೆದೆ: ತಾರೆಯ ಹೆಸರು, "ಕಾಲು ಜಾರಿ ಔಟ್", ಮೂರು ನಕ್ಷತ್ರ. ಯಾಕೆ ಹಾಗೆ ಬರೆದೆ ಎಂದು ಬಹಳ ಸಲ ಕೇಳಿಕೊಂಡಿದ್ದೇನೆ. ನಾಲ್ಕು ಸೆಕೆಂಡಿತ್ತು ಎಂಬುದು ನಿಜ. ಆದರೆ ಆಟ ಮುಗಿದ ಮೇಲೆ ತಿದ್ದಲು ಅರ್ಧ ಗಂಟೆ ಇತ್ತು ಎಂಬುದೂ ನಿಜ.

ಸಂಗ್ರಹದಲ್ಲಿ ಇಟ್ಟ ತುಣುಕುಗಳ ಕೆಳಗೆ ನಮ್ಮ ಲಾಗಿನ ಸಾಲು ಅಚ್ಚಾಗಿಯೇ ಇರುತ್ತದೆ. ಅದನ್ನು ಕತ್ತರಿಸಿ ತೆಗೆಯಬಹುದೇ ಎಂದು ಎಡಿಟರನ್ನು ಕೇಳಿದೆ. ಅವನು ಒಂದು ತುಣುಕು ಹಾಕಿ ತೋರಿಸಿದ. ಸಾಲನ್ನು ಕತ್ತರಿಸಿದರೆ ಪರದೆಯ ಕೆಳಗಿನ ಪಟ್ಟಿ ಪೂರ್ತಿ ಹೋಗುತ್ತಿತ್ತು. ಹುಡುಗಿಯ ಕೈಗಳಿದ್ದದ್ದು ಅಲ್ಲಿಯೇ.

ಮುಖ್ಯಸ್ಥೆಯ ಅನುಮತಿ ಬೇಕಿತ್ತು. ಇದ್ದದ್ದನ್ನು ಹೇಳಿದೆ.

"ಪಾಪ, ಕೊಡಿ ಸರ್. ನಾನೇ ಮೇಲ್ ಹಾಕಿ ಪರ್ಮಿಷನ್ ತಗೋತೀನಿ. ನಮ್ ಲೋಗೊ ಇರ್ಲಿ ಅಷ್ಟೆ," ಎಂದರು.

"ಮುಖ ಕಾಣೂದಿಲ್ಲ. ಈ ಕೈ ಅವಳದೇ ಅಂತ ಒಂದು ಪತ್ರ ಬರೆದುಕೊಡ್ತೀನಿ ಮೇಡಂ. ಒಂಬತ್ತನೇದು ಜಾರಿದ್ದಲ್ಲ, ಹಿಡಿದದ್ದು. ನಾನೇ ತಪ್ಪು ಬರೆದೀನಿ."

ಅವರು ಲ್ಯಾಪ್‌ಟಾಪ್ ಅರ್ಧ ಮುಚ್ಚಿದರು. "ಪತ್ರ ನಿಮ್ಮ ಪರ್ಸನಲ್ ಆಗಿ ಬರೀರಿ, ನಂಗೇನೂ ಇಲ್ಲ. ಆದ್ರೆ ಲಾಗ್ ತಪ್ಪು ಅಂತ ಮಾತ್ರ ಬರೀಬೇಡಿ ಸರ್. ಒಂದ್ ಲೈನ್ ತಪ್ಪು ಅಂದ್ರೆ ಲೀಗ್‌ನವ್ರು ಎಲ್ಲಾ ಲೈನೂ ತೆಗೆದು ನೋಡ್ತಾರೆ. ಮುಂದಿನ ಸೀಸನ್ ನಮಗೆ ಸಿಗುತ್ತೋ ಇಲ್ವೋ ಅನ್ನೋ ಟೈಮಲ್ಲಿ... ನಿಮ್ಮ ಕಾಂಟ್ರ್ಯಾಕ್ಟ್ ರಿನ್ಯೂವಲ್ಲೂ ಅದ್ರಲ್ಲೇ ಇದೆ."

ಅದು ಬೆದರಿಕೆಯಾಗಿರಲಿಲ್ಲ. ಅವರ ಮುಖದಲ್ಲೂ ನನ್ನಷ್ಟೇ ದಣಿವಿತ್ತು. ಸರಿ ಎಂದೆ.

ಮುಂದಿನ ಭಾನುವಾರ ಬೆಳಿಗ್ಗೆ ಹುಡುಗಿಯೂ ತಾಯಿಯೂ ನಮ್ಮ ಮನೆಗೆ ಬಂದರು. ಲ್ಯಾಪ್‌ಟಾಪನ್ನು ಸ್ಟೂಲಿನ ಮೇಲಿಟ್ಟೆ. ತಾಯಿ ನೆಲದ ಮೇಲೆ ಕಾಲು ಚಾಚಿ ಕುಳಿತು, ಸೆರಗಿನಿಂದ ಕನ್ನಡಕ ಒರೆಸಿಕೊಂಡರು. ಮೂರು ತುಣುಕು ಮುಗಿದ ಮೇಲೆ ಮಗಳನ್ನು ಕೇಳಿದರು.

"ಅಲ್ಲವಾ, ಇದರಾಗ ನೀ ಎಲ್ಲಿ ಇದ್ದಿ?"

"ಅಕಾ ಅಲ್ಲಿ, ಕೆಳಗ ನೋಡವಾ. ಕೈ."

"ಬರೇ ಕೈಯಿ? ಬಾಕಿದ್ದೆಲ್ಲ ಮನ್ಯಾಗ ಇಟ್ಟು ಹೋಗಿದ್ದೇನ?"

ನನ್ನ ಹೆಂಡತಿ ನಕ್ಕಳು. ಹುಡುಗಿಯೂ ನಕ್ಕಳು. ತಾಯಿ ನಗಲಿಲ್ಲ, ಮುಂದಕ್ಕೆ ಬಾಗಿ ಪರದೆಯ ಹತ್ತಿರ ಹೋದರು. "ಹೌದ್ ಬಿಡು, ನಿಂದೇ. ಹೆಬ್ಬೆಟ್ಟು ನೋಡು, ನಿಮ್ಮಪ್ಪಂದು," ಎಂದರು.

ಆರನೆಯ ತುಣುಕು ಬಂದಾಗ ಹುಡುಗಿ ಕೈ ಎತ್ತಿದಳು. "ನಿಲ್ಲಸ್ರಿ ಕಾಕಾ. ಇದು ನಂದಲ್ಲ."

ನಾನು ಮತ್ತೆ ಹಾಕಿದೆ. ಬಿಳಿ ಟೇಪು, ಅದೇ ಜೆರ್ಸಿ. ನನಗೆ ವ್ಯತ್ಯಾಸ ತಿಳಿಯಲಿಲ್ಲ.

"ಟೇಪ್ ಎಲ್ಲಾರೂ ಸುತ್ಕೋತೀವ್ರಿ. ಈಕಿ ಎಡಕೈ ಮ್ಯಾಲ ಇಟ್ಟಾಳ ನೋಡ್ರಿ. ನಮ್ಮ ಎಡಮೂಲಿ ಹುಡುಗಿ ಇದು, ಸಾಸವಡದಾಕಿ. ನಾ ಈ ಕಡೆ ಇದ್ದೆ, ಕಾಣ್ಸಾಂಗೇ ಇಲ್ಲ."

"ಇದನ್ನ ತಗದ್ರ ಮೂರು ನಿಮಿಷ ಆಗೂದಿಲ್ಲ," ಎಂದೆ. ಅದು ನಿಜವಾಗಿತ್ತು. ಆಮೇಲೆ ಹೇಳಬಾರದ ಒಂದು ಮಾತನ್ನೂ ಹೇಳಿದೆ. "ಯಾರಿಗೂ ಗೊತ್ತಾಗೂದಿಲ್ಲವ್ವಾ. ಇರ್ಲಿ ಬಿಡು."

ಅವಳು ನನ್ನನ್ನು ನೋಡಲಿಲ್ಲ, ಪರದೆಯನ್ನೇ ನೋಡುತ್ತಿದ್ದಳು. "ಅಕೀನೂ ಎಲ್ಲ್ಯರೆ ಹಿಂಗ ಹುಡುಕ್ಯಾಡ್ಲಾಕತ್ತಿರ್ತಾಳ ಕಾಕಾ. ಅಕಿಗೆ ಬೇಕಾದಾಗ ನನ್ನ ವಿಡಿಯೊದಾಗ ಸಿಕ್ರ?"

ತೆಗೆದೆ. ಒಂಬತ್ತು ಉಳಿದವು. ಎರಡು ನಿಮಿಷ ನಲವತ್ತು ಸೆಕೆಂಡು.

ಕೊನೆಯ ನಿಮಿಷದ ಹಿಡಿತದ ತುಣುಕು ಬಂದಾಗ ಕೆಳಗಿನ ಸಾಲನ್ನು ಅವಳು ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಓದಿದಳು. "ಜಾರಿದ್ದಂತ! ಯಾವ ಪುಣ್ಯಾತ್ಮ ಬರದಾನ್ರಿ ಇದು? ಎದಿ ಮ್ಯಾಲ ಎಳ್ಕೊಂಡು ಹೋದ್ಲು ನನ್ನ, ಎರಡು ವಾರ ನೋವಿತ್ತು."

ನಾನು ಹೇಳಬಹುದಾಗಿತ್ತು. ನನ್ನ ಹೆಂಡತಿ ನನ್ನ ಕಡೆ ನೋಡಿದಳು, ಅವಳಿಗೆ ಗೊತ್ತಿತ್ತು. "ಕಚೇರ್ಯಾಗ ಬರೀತಾರ. ಗಡಿಬಿಡಿ ಇರ್ತದ," ಎಂದೆ.

ಪತ್ರವನ್ನು ಅದೇ ದಿನ ಮಧ್ಯಾಹ್ನ ಬರೆದೆ. ಪ್ರತಿ ತುಣುಕಿನ ಆಟ, ನಿಮಿಷ, ಯಾವ ಬದಿಯಿಂದ ಹಿಡಿದದ್ದು, ಕೈಗಳ ಗುರುತು ಯಾವುದು, ಎಲ್ಲವನ್ನೂ ಬರೆದೆ. ಈ ಆಟಗಳನ್ನು ನೇರವಾಗಿ ನೋಡಿದ್ದೇನೆ, ಕೈಗಳು ಈ ಆಟಗಾರ್ತಿಯದೇ ಎಂದು ಬರೆದೆ. ಕೊನೆಯ ನಿಮಿಷದ ಹಿಡಿತದ ಬಗ್ಗೆ "ತುಣುಕಿನ ಕೆಳಗಿನ ವಿವರಣೆ ಪೂರ್ಣವಾಗಿಲ್ಲ" ಎಂಬ ವಾಕ್ಯ ಹಾಕಿದೆ. ಪೂರ್ಣವಾಗಿಲ್ಲ. ಆ ಪದವನ್ನು ಹುಡುಕಲು ನನಗೆ ಬಹಳ ಹೊತ್ತು ಹಿಡಿಯಿತು. ಹುಡುಗಿ ವಿಡಿಯೊವನ್ನೂ ಪತ್ರವನ್ನೂ ನನ್ನ ಎದುರಿಗೇ ಕಳಿಸಿದಳು.

ಮೂರು ವಾರದ ಮೇಲೆ ಶಿಬಿರಕ್ಕೆ ಕರೆದವರ ಪಟ್ಟಿ ಬಂತು. ಅವಳ ಹೆಸರಿರಲಿಲ್ಲ. ದೊಡ್ಡ ಊರಿನ ತಂಡದ ಒಬ್ಬ ಬದಲಿ ಆಟಗಾರ್ತಿಯ ಹೆಸರಿತ್ತು. ಆ ಹುಡುಗಿ ಅಂಗಳಕ್ಕಿಳಿದದ್ದು ಕೆಲವೇ ಸಲ, ಆದರೆ ಅವಳ ಪ್ರತಿ ಹಿಡಿತವನ್ನೂ ನಾಲ್ಕೂ ಕಡೆಯಿಂದ ತೋರಿಸಿದ್ದರು, ಹೆಸರು ಹೇಳಿದ್ದರು, ಕೆಲವಕ್ಕೆ ಮೂರು ನಕ್ಷತ್ರ ಕೊಟ್ಟವನು ನಾನೇ. ಮೂರು ನಿಮಿಷ ತುಂಬುವುದು ಅವಳಿಗೆ ಕಷ್ಟವಾಗಿರಲಿಕ್ಕಿಲ್ಲ. ಇದರಲ್ಲಿ ಅವಳ ತಪ್ಪೇನೂ ಇಲ್ಲ. ಅವಳೂ ಚೆನ್ನಾಗಿಯೇ ಆಡುತ್ತಾಳೆ.

ಯಾಕೆ ಕರೆಯಲಿಲ್ಲ ಎಂದು ಕೇಳಿ ನಮ್ಮ ಹುಡುಗಿ ಬರೆದಿದ್ದಳು. ಉತ್ತರ ಬಂತು, ಅದನ್ನು ನನಗೆ ಕಳಿಸಿದಳು. ಕಚೇರಿಯ ಕ್ಯಾಂಟೀನಿನಲ್ಲಿ ನಿಂತುಕೊಂಡೇ ಓದಿದೆ. ಸೌಜನ್ಯದ ಪತ್ರ. ವಿಡಿಯೊ ನಿಗದಿತ ಅವಧಿಗಿಂತ ಸ್ವಲ್ಪ ಕಡಿಮೆಯಿದ್ದರೂ ಪರಿಗಣಿಸಿದೆವು. ಬಹುತೇಕ ತುಣುಕುಗಳಲ್ಲಿ ಆಟಗಾರ್ತಿ ಯಾರೆಂದು ಕಾಣುವುದಿಲ್ಲ. ಮುಖ್ಯವಾದ ಕೊನೆಯ ನಿಮಿಷದ ಹಿಡಿತದ ಬಗ್ಗೆ, ಎದುರಾಳಿ ಜಾರಿದಳೆಂದು ಪ್ರಸಾರಕರ ವಿವರಣೆ ಹೇಳುತ್ತದೆ, ಹಿಡಿದದ್ದೆಂದು ಜೊತೆಗಿನ ಪತ್ರ ಹೇಳುತ್ತದೆ. ಪತ್ರ ಬರೆದವರಿಗೆ ಆ ವಿವರಣೆಯನ್ನು ಪ್ರಶ್ನಿಸುವ ಆಧಾರ ಏನೆಂಬುದು ಪತ್ರದಲ್ಲಿಲ್ಲ. ಹಾಗಾಗಿ ಪ್ರಸಾರಕರ ವಿವರಣೆಯನ್ನೇ ಒಪ್ಪಬೇಕಾಯಿತು.

ಎರಡನ್ನೂ ಬರೆದದ್ದು ಒಬ್ಬನೇ. ಅದೊಂದು ಸಾಲು ಅವರಿಗೆ ಬೇಕಾಗಿತ್ತು.

ಚಹಾ ತಣ್ಣಗಾಗಿತ್ತು. ಲೋಟವನ್ನು ಮೇಜಿನ ಮೇಲಿಟ್ಟೆ. ಪಾಳಿ ಬಿಟ್ಟು ಹೊರಟೆ. ಖರಾಡಿಯಿಂದ ಧನಕವಡಿಗೆ ಎರಡು ಬಸ್ಸು. ದಾರಿಯುದ್ದಕ್ಕೂ ಹೇಳಬೇಕಾದ್ದನ್ನು ಜೋಡಿಸಿಕೊಂಡೆ. ಅವರ ಬಾಗಿಲಿಗೆ ಹೋದೆ. ತಾಯಿ ಕೆಲಸಕ್ಕೆ ಹೋಗಿದ್ದರು. ಹುಡುಗಿ ಹೊಸ್ತಿಲಲ್ಲಿ ಕುಳಿತು ಮೆಂತ್ಯ ಸೊಪ್ಪು ಸೋಸುತ್ತಿದ್ದಳು. ಅತ್ತಿರಬೇಕು, ಈಗ ಅಳುತ್ತಿರಲಿಲ್ಲ.

"ಬರ್ರಿ ಕಾಕಾ. ನೀವೇನ್ ಮಾಡ್ತೀರಿ, ನಿಮ್ಮ ಕೈಲಾದಷ್ಟು ಮಾಡೀರಿ," ಎಂದಳು.

ನಿಂತುಕೊಂಡೇ ಹೇಳಿದೆ. "ಕಾಲು ಜಾರಿ ಅಂತ ಬರದವ ನಾನೇ. ಬಾಕಿ ಸಾಲಿನಾಗ ನಿನ್ನ ಹೆಸರು ಬಿಟ್ಟವನೂ ನಾನೇ."

ಅವಳ ಕೈ ನಿಂತಿತು.

"ನೀವು ಅವತ್ತು ನೋಡಿದ್ರಿ ಇಲ್ಲೋ? ಹಿಡಿದದ್ದು?"

"ನೋಡಿದ್ದೆ."

"ಗೊತ್ತಿದ್ದು ಬರದ್ರಿ."

"ಹೌದು."

"ಪತ್ರದಾಗರೆ ಹಾಕಬಹುದಿತ್ತಲ್ರಿ? ನಾನೇ ತಪ್ಪು ಬರದೀನಿ ಅಂತ ಒಂದು ಸಾಲು. ಒಂದಽ ಸಾಲು, ಕಾಕಾ."

"ಕೆಲಸ ಹೋಗ್ತದಂತ ಅಂಜಿದೆ."

ಅವಳು ಎದ್ದು ನಿಂತಳು. ಮಡಿಲಲ್ಲಿದ್ದ ಸೊಪ್ಪಿನ ಕಡ್ಡಿಗಳು ನೆಲಕ್ಕೆ ಬಿದ್ದವು. "ಅವತ್ತು ಮನ್ಯಾಗ ಕುಂತು ನೋಡಿದಾಗ ಹೇಳಿದ್ರ ನಾ ನಿಮಗ ಬೈತಿದ್ದೆ, ಬೈದು, ಪತ್ರ ಬರಸ್ಕೋತಿದ್ದೆ. ನೀವು ಇಲ್ಲಾ ಅಂದ್ರ ನಿಮ್ಮ ಕಾಲು ಹಿಡ್ಕೋತಿದ್ದೆ. ಅದಽ ಅಲ್ಲಾ ನನಗ ಬರೂದು?" ಎಂದಳು. ಆಮೇಲೆ ದನಿ ಇಳಿಸಿ, "ಸಿಟ್ಟಿಲ್ಲ ಅಂತ ಹೇಳಾಂಗಿಲ್ರಿ. ಅದ," ಎಂದಳು.

ನಾನು ಮನೆಗೆ ಹೋಗಿ ಎರಡನೆಯ ಪತ್ರ ಬರೆದೆ. ಇದರಲ್ಲಿ ಪದ ಹುಡುಕಬೇಕಾಗಲಿಲ್ಲ. ನಾನು ಇಂಥ ಕೆಲಸ ಮಾಡುತ್ತೇನೆ, ವಿವರಣೆ ಬರೆದವನು ನಾನು, ಹಿಡಿತವನ್ನು ನೋಡಿಯೂ ಜಾರಿದಳೆಂದು ಬರೆದೆ, ಮಿಕ್ಕವುಗಳಲ್ಲಿ ಹಿಡಿದವಳ ಹೆಸರನ್ನು ರೂಢಿಯಂತೆ ಬಿಟ್ಟೆ. ಕಳಿಸಿದೆ. ಮರುದಿನ ಅದರ ಪ್ರತಿಯನ್ನು ಮುಖ್ಯಸ್ಥೆಗೂ ಕೊಟ್ಟೆ. ಅವರು ಓದಿ, ಕಣ್ಣು ಮುಚ್ಚಿ ಹಣೆ ಒತ್ತಿಕೊಂಡರು. "ಹೇಳಿದ್ನಲ್ಲ ಸರ್," ಎಂದರು. ಇಷ್ಟರವರೆಗೆ ನನ್ನ ಕೆಲಸ ಹೋಗಿಲ್ಲ. ಯಾರೂ ಎಲ್ಲ ಸಾಲುಗಳನ್ನು ತೆಗೆದು ನೋಡಲೂ ಇಲ್ಲ. ನಾನು ಅಂಜಿದ್ದು ಯಾವುದಕ್ಕೆ ಎಂದು ಈಗ ಯೋಚಿಸಿದರೆ ಸುಸ್ತಾಗುತ್ತದೆ.

ಇಲಾಖೆಯಿಂದ ಒಂದೇ ಸಾಲಿನ ಉತ್ತರ ಬಂತು: ಮಾಹಿತಿಗೆ ಧನ್ಯವಾದ, ಶಿಬಿರ ಆರಂಭವಾಗಿರುವುದರಿಂದ ಪಟ್ಟಿಯಲ್ಲಿ ಬದಲಾವಣೆ ಸಾಧ್ಯವಿಲ್ಲ. ಅದನ್ನು ಹುಡುಗಿಗೆ ಕಳಿಸಿದೆ. ಓದಿದ ಗುರುತು ಮಾತ್ರ ಬಂತು.

ಈಗ ಅವಳು ಕಾತ್ರಜ್ ಕಡೆಯ ಒಂದು ಶಾಲೆಯಲ್ಲಿ ಮಕ್ಕಳಿಗೆ ಆಟ ಹೇಳಿಕೊಡಲು ಹೋಗುತ್ತಾಳೆ. ಪೂರ್ತಿ ನೌಕರಿಯಲ್ಲ. ಸಣ್ಣ ಊರಿನ ತಂಡ ಈ ವರ್ಷವೂ ಕರೆದಿದೆ, ಹೋಗುತ್ತಾಳೋ ಇಲ್ಲವೋ ತಿಳಿಯದು. ತಾಯಿ ನನ್ನ ಹೆಂಡತಿಯ ಜೊತೆ ಮೊದಲಿನಂತೆಯೇ ಮಾತಾಡುತ್ತಾರೆ. ನಾನು ಒಳಗೆ ಬಂದರೆ ಏನೋ ಕೆಲಸ ನೆನಪಾದಂತೆ ಎದ್ದು ಹೋಗುತ್ತಾರೆ. ಹುಡುಗಿ ನಮ್ಮ ಮನೆಗೆ ಬರುವುದಿಲ್ಲ.

ಬೆಳಿಗ್ಗೆ ಬಸ್ ಸ್ಟಾಪಿನಲ್ಲಿ ಒಮ್ಮೊಮ್ಮೆ ಸಿಗುತ್ತಾಳೆ. ಹೆಗಲಿಗೆ ಚೀಲ, ಕೊರಳಿಗೆ ಸೀಟಿ. ಮುಖ ತಿರುಗಿಸುವುದಿಲ್ಲ, ಅಷ್ಟು ಒಳ್ಳೆಯವಳು. ಅಂಗಡಿಯವರ ಹತ್ತಿರ, ಕಂಡಕ್ಟರನ ಹತ್ತಿರ, ಹೊರಗಿನ ಎಲ್ಲರ ಹತ್ತಿರ ಆಡುವ ಮರಾಠಿಯಲ್ಲಿ, ಮರ್ಯಾದೆಯಿಂದ ಕೇಳುತ್ತಾಳೆ: "ಕಾಯ್ ಕಾಕಾ, ಬರೇ ಆಹಾತ್ ನಾ?"

ಚೆನ್ನಾಗಿದ್ದೇನೆ ಎಂದು ನಾನೂ ಮರಾಠಿಯಲ್ಲೇ ಹೇಳುತ್ತೇನೆ. ಅವಳ ಬಸ್ಸು ಮೊದಲು ಬರುತ್ತದೆ.